ಐವತ್ತು ಸಾವಿರ ದಾಟಿದ ರ್‍ಯಾಂಕ್, ಮತ್ತು ನಾನು ಎಂಜಿನಿಯರಿಂಗ್ ಕಾಲೇಜು ಆರಿಸಿದ ಬಗೆ

2018ರ ಸಿಇಟಿಯಲ್ಲಿ ನನ್ನ ಎಂಜಿನಿಯರಿಂಗ್ ರ್‍ಯಾಂಕ್ ಐವತ್ತು ಸಾವಿರ ದಾಟಿತ್ತು. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸೇರಿ 300ಕ್ಕೆ 204. ಸಿಇಟಿಯಲ್ಲಿ 180ಕ್ಕೆ 57. ರ್‍ಯಾಂಕ್ ಕೊಡುವಾಗ ಎರಡನ್ನೂ ಅರ್ಧರ್ಧ ಹಿಡಿಯುತ್ತಾರೆ. ಪಿಯುಸಿಯ ಶೇ. 68ರಲ್ಲಿ ಅರ್ಧ 34, ಸಿಇಟಿಯ ಶೇ. 31.67ರಲ್ಲಿ ಅರ್ಧ 15.83. ಕೂಡಿದರೆ 49.83. ಮಾರ್ಕ್ಸ್ ಕಾರ್ಡ್ ಮೇಲೆ ಫಸ್ಟ್ ಕ್ಲಾಸೇ. ಆದರೆ ಈ ರ್‍ಯಾಂಕ್ ಹಿಡಿದು ಆರ್‌ವಿ, ಬಿಎಂಎಸ್ ಅಂತ ಬಾಯಿ ಬಿಡುವ ಹಾಗಿರಲಿಲ್ಲ.

ಮನೆಗೆ ಬಂದವರೆಲ್ಲ ಎರಡೇ ಸಲಹೆ ಕೊಟ್ಟರು. ಒಂದು, ಇನ್ನೊಂದು ವರ್ಷ ಕೂತು ಓದು. ಇನ್ನೊಂದು, ಬೆಂಗಳೂರಲ್ಲಿ ಯಾವುದಾದರೂ ಸರಿ, ಕಂಪ್ಯೂಟರ್ ಸೈನ್ಸ್ ತಗೋ. ಎರಡನೇ ಸಲಹೆ ಕೊಟ್ಟವರ ಮಕ್ಕಳು ಯಾರೂ ಆ 'ಯಾವುದಾದರೂ' ಕಾಲೇಜಿನಲ್ಲಿ ಓದಿರಲಿಲ್ಲ, ಅದು ಬೇರೆ ಮಾತು.

ನಾನು ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೆ ಊರಲ್ಲೇ, ಕನ್ನಡ ಮಾಧ್ಯಮ. ಮನೆಯಲ್ಲಿ ಗೋವಿನಜೋಳದ ಬೆಳೆ, ವರ್ಷಕ್ಕೊಂದು ರೇಟು. ಹಾಗಾಗಿ 'ಒಳ್ಳೆ ಕಾಲೇಜು ಯಾವುದು' ಅನ್ನೋ ಪ್ರಶ್ನೆಯನ್ನ ನಾನು ಬೇಗ ಬದಿಗಿಟ್ಟೆ. ನನಗೆ ಸಿಗಬಹುದಾದ ಸೀಟುಗಳಲ್ಲಿ, ನಮ್ಮಪ್ಪ ಸಾಲ ಮಾಡದೆ, ನಾನು ಮೊದಲ ಎರಡು ವರ್ಷ ಬ್ಯಾಕ್ (ಫೇಲಾಗಿ ಬಾಕಿ ಉಳಿದ ಸಬ್ಜೆಕ್ಟ್) ಉಳಿಸಿಕೊಳ್ಳದೆ ದಾಟಬಹುದಾದ ಜಾಗ ಎಲ್ಲಿದೆ? ಕೇಳಬೇಕಾದ್ದು ಇದು ಅನ್ನಿಸಿತು. ನಮ್ಮಂಥ ಮಧ್ಯಮ ಮಾರ್ಕ್ಸ್‌ನವರು ಎಂಜಿನಿಯರಿಂಗ್‌ನಲ್ಲಿ ಎಡವೋದು ಪ್ಲೇಸ್‌ಮೆಂಟ್ ಹೊತ್ತಿಗಲ್ಲ, ಅದಕ್ಕಿಂತ ಬಹಳ ಮೊದಲೇ, ಮ್ಯಾಥ್ಸ್ ಪೇಪರಿನಲ್ಲಿ.

ಮೊದಲು ಕಟಾಫ್ ಪಟ್ಟಿ ನೋಡೋದು ಕಲಿತೆ. ಪರೀಕ್ಷಾ ಪ್ರಾಧಿಕಾರ ಹಿಂದಿನ ವರ್ಷದ ಕೊನೆಯ ರ್‍ಯಾಂಕ್‌ಗಳನ್ನ ಕಾಲೇಜುವಾರು, ಬ್ರಾಂಚ್‌ವಾರು ಹಾಕಿರುತ್ತದೆ. ಎಲ್ಲರೂ ನೋಡೋದು ಜಿಎಂ, ಅಂದರೆ ಜನರಲ್ ಮೆರಿಟ್ ಕಾಲಂ ಒಂದನ್ನೇ. ನೋಡಿ ಎದೆ ಒಡೆದುಕೊಂಡು ಮುಚ್ಚುತ್ತಾರೆ. ನನ್ನದು 3ಬಿ (ಹಿಂದುಳಿದ ವರ್ಗದ ಒಂದು ಪ್ರವರ್ಗ), ಗ್ರಾಮೀಣ, ಕನ್ನಡ ಮಾಧ್ಯಮ. ಅಂದರೆ ನಾನು ನೋಡಬೇಕಾದ ಕಾಲಂ ಒಂದಲ್ಲ. 3ಬಿಜಿ, 3ಬಿಆರ್, 3ಬಿಕೆ, ಜೊತೆಗೆ ಜಿಎಂ, ಜಿಎಂಆರ್, ಜಿಎಂಕೆ. ಕೊನೆಯ ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಇದರಲ್ಲಿ ಯಾವುದರಲ್ಲಿ ಸಿಕ್ಕರೂ ಸೀಟು ಸೀಟೇ. ಸೀಟು ಹಂಚಿಕೆಯ ಮೊದಲ ರೌಂಡಿನ ಪಟ್ಟಿ ಬಿಟ್ಟು ಕೊನೆಯ ರೌಂಡಿನದನ್ನ ತೆಗೆದೆ. ಮೇಲಿನ ರ್‍ಯಾಂಕಿನವರು ಖಾಸಗಿ ಕಾಲೇಜುಗಳ ಪರೀಕ್ಷೆ ಕಾಮೆಡ್‌ಕೆ ಅಂತಲೋ, ಮೆಡಿಕಲ್ ಅಂತಲೋ, ಬಿಎಸ್‌ಸಿ ಅಗ್ರಿ ಅಂತಲೋ ಎದ್ದು ಹೋದ ಮೇಲೆ ಪಟ್ಟಿ ಕೆಳಗೆ ಇಳಿಯುತ್ತದೆ. ನಮ್ಮ ಆಟ ಶುರುವಾಗೋದೇ ಅಲ್ಲಿ.

ಇಲ್ಲೊಂದು ಸೂಕ್ಷ್ಮ ಇದೆ. ಗ್ರಾಮೀಣಕ್ಕೆ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5 ಮೀಸಲು. ಒಂದು ಬ್ರಾಂಚ್‌ನಲ್ಲಿ 60 ಸೀಟಿದ್ದರೆ, ಅದರಲ್ಲಿ ಸರ್ಕಾರಿ ಕೋಟಾ ಎಷ್ಟು, ಅದರಲ್ಲಿ 3ಬಿ ಎಷ್ಟು, ಅದರಲ್ಲಿ ಶೇ. 5 ಎಷ್ಟು ಅಂತ ಭಾಗಿಸುತ್ತಾ ಹೋದರೆ ಒಂದು ಸೀಟೂ ಪೂರ್ತಿ ಉಳಿಯೋದಿಲ್ಲ. ಹಾಗಾಗಿ ಕೆ ಕಾಲಂನಲ್ಲಿ ಕಾಣೋ ಕಟಾಫ್ ಅಂದರೆ ಬಹಳ ಕಡೆ ಒಬ್ಬನೇ ಹುಡುಗನ ರ್‍ಯಾಂಕ್ ಅಷ್ಟೇ. ಒಂದು ವರ್ಷ ಮೂವತ್ತು ಸಾವಿರ, ಮುಂದಿನ ವರ್ಷ ಎಪ್ಪತ್ತು ಸಾವಿರ ಆದರೂ ಆಶ್ಚರ್ಯ ಇಲ್ಲ. ಅದನ್ನ ನಂಬಿ ಆಸೆಯನ್ನೂ ಪಡಬಾರದು, ಅದನ್ನ ನೋಡಿ ಆಪ್ಷನ್ ಬಿಡಲೂಬಾರದು. ನಾನು ಆರ್ ಕಾಲಂ ಮೇಲೆ ಹೆಚ್ಚು ಭರವಸೆ ಇಟ್ಟೆ. ಸೀಟುಗಳು ಸ್ವಲ್ಪ ಜಾಸ್ತಿ, ಹಾಗಾಗಿ ವರ್ಷದಿಂದ ವರ್ಷಕ್ಕೆ ಅಷ್ಟು ಕುಣಿಯೋದಿಲ್ಲ. ಹೂವಿನಹಡಗಲಿಯ ಗೆಳತಿಗೆ ಇನ್ನೊಂದು ಬಾಗಿಲಿತ್ತು, ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಅಲ್ಲಿಯವರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8. ಅವಳದ್ದೇ ಬೇರೆ ಕಾಲಂ, ಬೇರೆ ಲೆಕ್ಕ.

ಎಸ್‌ಎನ್‌ಕ್ಯು ಅಂತ ಒಂದು ಕಾಲಂ ಇದೆ. ಮಂಜೂರಾದ ಸೀಟಿನ ಮೇಲೆ ಶೇ. 5 ಹೆಚ್ಚುವರಿ, ಟ್ಯೂಷನ್ ಫೀ ಮಾಫಿ. ಕೇಳೋಕೆ ಚೆನ್ನಾಗಿದೆ. ಆದರೆ ಫೀ ಮಾಫಿ ಇರೋದರಿಂದಲೇ ಅದಕ್ಕೆ ಪೈಪೋಟಿ ಜಾಸ್ತಿ. ನನ್ನ ರ್‍ಯಾಂಕಿಗೆ ಅದು ಎಟುಕೋ ಮಾತಾಗಿರಲಿಲ್ಲ.

ಈ ಸೌಲಭ್ಯಗಳೆಲ್ಲ ಕಾಗದ ಇದ್ದರೆ ಮಾತ್ರ. ಗ್ರಾಮೀಣ, ಕನ್ನಡ ಮಾಧ್ಯಮ ಎರಡಕ್ಕೂ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ಮೇಲುರುಜು ಬೇಕು. ಜಾತಿ-ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ನಂಬರ್ ಇರಬೇಕು. ರಿಸಲ್ಟ್ ಬರೋ ಮೊದಲೇ ಇವನ್ನ ಮಾಡಿಸಿ ಫೈಲಿಗೆ ಹಾಕಿದ್ದೆ. ವೆರಿಫಿಕೇಶನ್ ದಿನ ಹೆಲ್ಪ್‌ಲೈನ್ ಸೆಂಟರ್ ಹೊರಗೆ ಒಂದು ಸಹಿ ಇಲ್ಲ ಅಂತ ಕಣ್ಣೀರು ಹಾಕುತ್ತಿದ್ದವರನ್ನ ನೋಡಿದೆ. ಮಾರ್ಕ್ಸ್ ಕಡಿಮೆ ಇದ್ದವರಿಗೆ ಆ ಸಹಿಯ ಬೆಲೆ ಎಷ್ಟೋ ಸಾವಿರ ರ್‍ಯಾಂಕ್.

ಆಮೇಲೆ ಕೆಲವು ಕಾಲೇಜಿಗೆ ಹೋಗಿ ಬಂದೆವು, ನಾನು ಮತ್ತು ಅಪ್ಪ. ಅದು ಜೂನ್ ತಿಂಗಳು, ಲ್ಯಾಬ್ ಎಕ್ಸಾಮ್ ನಡೆಯೋ ಹೊತ್ತು. ಕಾಲೇಜು ನೋಡೋಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ. ಒಂದು ಖಾಸಗಿ ಕಾಲೇಜಿನಲ್ಲಿ ಅಡ್ಮಿಷನ್ ಕೌಂಟರ್ ಎಸಿ ರೂಮು, ಕೂತ ತಕ್ಷಣ ಚಹಾ, ಬಿಸ್ಕತ್ತು, ಬಣ್ಣದ ಪುಸ್ತಕ. ಲ್ಯಾಬ್ ನೋಡಬಹುದಾ ಅಂತ ಕೇಳಿದೆ. ಕೀ ಇಟ್ಟುಕೊಂಡವರು ಇವತ್ತು ಬಂದಿಲ್ಲ ಅಂದರು. ಕಿಟಕಿಯಿಂದ ಇಣುಕಿದರೆ ಮೋಟರ್‌ಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆ ಮೇಲೆ ದೂಳು.

ದಾವಣಗೆರೆಯ ಯುಬಿಡಿಟಿಗೆ ಹೋದಾಗ ಯಾರೂ ಚಹಾ ಕೊಡಲಿಲ್ಲ. 1951ರಲ್ಲಿ ಶುರುವಾದ ಕಾಲೇಜು, ಈಗ ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಘಟಕ ಕಾಲೇಜು. ಕಟ್ಟಡಕ್ಕೆ ವಯಸ್ಸಾಗಿತ್ತು. ಆದರೆ ಎಲೆಕ್ಟ್ರಿಕಲ್ ಮಷಿನ್ಸ್ ಲ್ಯಾಬ್ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಹುಡುಗ ಇಂಡಕ್ಷನ್ ಮೋಟರ್ ಮೇಲೆ ಲೋಡ್ ಟೆಸ್ಟ್ ಮಾಡುತ್ತಿದ್ದ. ಶಾಫ್ಟಿಗೆ ಒಂದು ಬ್ರೇಕ್ ಡ್ರಮ್, ಅದರ ಸುತ್ತ ಬೆಲ್ಟು, ಬೆಲ್ಟಿನ ಎರಡೂ ತುದಿಗೆ ಸ್ಪ್ರಿಂಗ್ ತಕ್ಕಡಿ. ಬೆಲ್ಟು ಬಿಗಿ ಮಾಡಿದಷ್ಟೂ ಡ್ರಮ್ಮು ಕಾಯುತ್ತದೆ. ಅದಕ್ಕೇ ಇನ್ನೊಬ್ಬ ಮಗ್ಗಿನಲ್ಲಿ ನೀರು ಹಾಕುತ್ತಿದ್ದ. ಬೆಲ್ಟು ಉಜ್ಜಿ ಉಜ್ಜಿ ಆ ಡ್ರಮ್ಮು ಥಳಥಳ ಹೊಳೆಯುತ್ತಿತ್ತು. ಬಾಗಿಲಲ್ಲಿ ನಿಂತ ಅಪ್ಪ, 'ನಮ್ಮ ಬಾವಿ ಮೋಟರ್ ಇದ್ದಂಗ ಐತಲ್ಲ' ಅಂದರು. ನಾನು ನೋಡಿದ್ದು ಆ ಹೊಳಪನ್ನ. ದಿನಾ ತಿರುಗೋ ಮಷಿನ್ ಅದು. ಬಣ್ಣದ ಪುಸ್ತಕದಲ್ಲಿ ಇದನ್ನ ಯಾರೂ ಬರೆಯೋದಿಲ್ಲ.

ಹೊರಗೆ ರೆಕಾರ್ಡ್ ಹಿಡಿದು ಕೂತಿದ್ದ ಹುಡುಗಿಯರಲ್ಲಿ ಒಬ್ಬರು ಹಾವೇರಿ ಕಡೆಯವರು. ಅಕ್ಕಾ, ಇಲ್ಲಿ ಪಾಸಾಗೋದು ಕಷ್ಟಾನಾ ಅಂತ ನೇರ ಕೇಳಿದೆ. 'ಎಂ-ಥ್ರೀ ಒಂದು ದಾಟು ತಂಗಿ, ಉಳಿದದ್ದು ನಡೀತೈತಿ. ಕನ್ನಡ ಮೀಡಿಯಂನವರು ನಾವ ಜಾಸ್ತಿ ಅದೀವಿ ಇಲ್ಲಿ, ಕೂಡಿ ಕುಂತು ಓದ್ತೀವಿ' ಅಂದರು. ಎಂ-ಥ್ರೀ ಅಂದರೆ ಮೂರನೇ ಸೆಮಿಸ್ಟರಿನ ಮ್ಯಾಥ್ಸ್. ಫೋರಿಯರ್, ಲಾಪ್ಲಾಸ್ ಎಲ್ಲ ಅಲ್ಲೇ. ಇದೊಂದು ಸಬ್ಜೆಕ್ಟ್ ಹೊತ್ತುಕೊಂಡು ಕೊನೆಯ ವರ್ಷದವರೆಗೆ ಬಂದವರು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ. ನಾನು ಹೋದ ಕಡೆಯೆಲ್ಲ ಇದನ್ನೇ ಕೇಳಿದೆ. ಯಾರು ಪಾಠ ಮಾಡುತ್ತಾರೆ, ಮೇಷ್ಟ್ರು ವರ್ಷದ ಮಧ್ಯೆ ಬಿಟ್ಟು ಹೋಗುತ್ತಾರಾ, ಎಷ್ಟು ಜನಕ್ಕೆ ಬ್ಯಾಕ್ ಇದೆ. ವಿದ್ಯಾರ್ಥಿಗಳು ಸುಳ್ಳು ಹೇಳೋದಿಲ್ಲ, ಅವರಿಗೆ ಹೇಳಿ ಆಗಬೇಕಾದ್ದು ಏನೂ ಇಲ್ಲವಲ್ಲ.

ನ್ಯಾಕ್, ಎನ್‌ಬಿಎ ಅನ್ನೋ ಗುಣಮಟ್ಟದ ಮಾನ್ಯತೆಗಳ ಬಗ್ಗೆ ಒಂದೇ ಮಾತು. ನ್ಯಾಕ್ ಇಡೀ ಕಾಲೇಜಿಗೆ ಕೊಡೋದು, ಎನ್‌ಬಿಎ ಬ್ರಾಂಚಿಗೆ ಕೊಡೋದು. ಕಾಲೇಜಿನ ಗೇಟ್ ಮೇಲೆ ದೊಡ್ಡದಾಗಿ ಬರೆದಿದ್ದರೂ ನಿಮ್ಮ ಬ್ರಾಂಚಿಗೆ ಇದೆಯಾ ಕೇಳಿ. ಆಟೊನಮಸ್ ಕಾಲೇಜಾದರೆ ಸಿಲೆಬಸ್ಸು, ಪರೀಕ್ಷೆ ಅವರದ್ದೇ, ಡಿಗ್ರಿ ಮಾತ್ರ ವಿಟಿಯು. ಅದರ ಲಾಭ ಅದಕ್ಕಿದೆ. ಆದರೆ ನನಗೆ ವಿಟಿಯು ಪೇಪರೇ ಬೇಕಿತ್ತು. ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ, ಹಳೇ ಪೇಪರು ಬೇಕಾದಷ್ಟು ಸಿಗುತ್ತವೆ, ನೋಟ್ಸೂ ಸಿಗುತ್ತದೆ.

ಬ್ರಾಂಚ್ ವಿಷಯಕ್ಕೆ ಮನೆಯಲ್ಲಿ ಸ್ವಲ್ಪ ಜಗಳವೇ ಆಯಿತು. ಪಿಯುಸಿಯಲ್ಲಿ ನನಗೆ ಕಷ್ಟಪಡದೆ ಬಂದ ಭಾಗ ಅಂದರೆ ಕರೆಂಟ್, ಮ್ಯಾಗ್ನೆಟಿಸಂ. ಇಲೆಕ್ಟ್ರಿಕಲ್ ತಗೊಂಡರೆ ಕೆಪಿಟಿಸಿಎಲ್, ಹೆಸ್ಕಾಂ ಕಡೆಗೂ ಪರೀಕ್ಷೆ ಬರೆಯಬಹುದು, ಸಾಫ್ಟ್‌ವೇರ್‌ನ ದೊಡ್ಡ ಕಂಪನಿಗಳೂ ಬ್ರಾಂಚ್ ನೋಡದೆ ತಗೊಳ್ಳುತ್ತವೆ. ಆದರೆ ಮಾವ ಒಪ್ಪಲಿಲ್ಲ. ಕಂಪ್ಯೂಟರ್ ಸೈನ್ಸ್ ಅಂದರೆ ಕಂಪ್ಯೂಟರ್ ಸೈನ್ಸೇ, ಬೇಕಾದರೆ ಮ್ಯಾನೇಜ್‌ಮೆಂಟ್ ಕೋಟಾ ನೋಡೋಣ ಅಂದರು. ರಿಸಲ್ಟ್ ಬಂದ ದಿನದಿಂದ ಸೀಟು ಮಾಡಿಸಿ ಕೊಡ್ತೀವಿ ಅಂತ ಏಜೆಂಟರ ಫೋನು ಬೇರೆ ಬರುತ್ತಿತ್ತು. ಅವರು ಹೇಳಿದ ಮೊತ್ತಕ್ಕೆ ನಾಲ್ಕು ವರ್ಷದ ಹಾಸ್ಟೆಲ್ ಸೇರಿಸಿ ಅಪ್ಪನ ಮುಂದೆ ಒಂದು ಹಾಳೆ ಇಟ್ಟೆ. ಅದರ ಪಕ್ಕದಲ್ಲಿ ಸರ್ಕಾರಿ ಕಾಲೇಜಿನ ಫೀ, ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್, ದಾವಣಗೆರೆ-ರಾಣೆಬೆನ್ನೂರು ಬಸ್ ಚಾರ್ಜು. ಸರ್ಕಾರಿ ಫೀ ಖಾಸಗಿ ಕಾಲೇಜಿನ ಸಿಇಟಿ ಫೀಗಿಂತಲೂ ಅರ್ಧಕ್ಕಿಂತ ಕಡಿಮೆ ಇತ್ತು, ಮ್ಯಾನೇಜ್‌ಮೆಂಟ್ ಮಾತು ಬಿಡಿ. ಜಗಳ ಅಲ್ಲಿಗೆ ಮುಗಿಯಿತು.

ಇನ್ನು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನ ಕ್ರಮವಾಗಿ ತುಂಬೋದು. ಇಲ್ಲಿ ಒಂದು ಗಾಳಿಮಾತು ಇದೆ. ಸಿಗದ ಕಾಲೇಜನ್ನ ಮೇಲೆ ಹಾಕಿದರೆ ಸಿಗೋ ಕಾಲೇಜೂ ತಪ್ಪುತ್ತದೆ ಅಂತ. ಹಾಗೇನಿಲ್ಲ. ನಿಮ್ಮ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನ ಮೇಲಿನಿಂದ ಓದುತ್ತಾ ಬರುತ್ತದೆ, ಖಾಲಿ ಇರೋ ಮೊದಲನೆಯದ್ದನ್ನ ಕೊಡುತ್ತದೆ. ಮೇಲಿನ ಹತ್ತು ಸಿಗದಿದ್ದರೆ ನಷ್ಟ ಏನೂ ಇಲ್ಲ. ಇರಬೇಕಾದ್ದು ಒಂದೇ ನಿಯಮ, ಮೇಲಿರೋದು ಕೆಳಗಿರೋದಕ್ಕಿಂತ ನಿಜವಾಗಲೂ ನಿಮಗೆ ಹೆಚ್ಚು ಬೇಕಾಗಿರಬೇಕು. ನಾನು ಪಟ್ಟಿಯನ್ನ ಉದ್ದ ಮಾಡಿದೆ. ಮೇಲೆ ಆಸೆಯವು, ನಡುವೆ ಕಟಾಫ್ ಹತ್ತಿರದವು, ಕೆಳಗೆ ಖಂಡಿತ ಸಿಗುವವು. ಹಾವೇರಿಯ ಸರ್ಕಾರಿ ಕಾಲೇಜು ಸಹ ಅದರಲ್ಲಿತ್ತು. ಆಗ ಮುಂದಿನ ರೌಂಡುಗಳಲ್ಲಿ ಆಪ್ಷನ್ ಅಳಿಸಬಹುದಿತ್ತು, ಮೇಲೆ ಕೆಳಗೆ ಮಾಡಬಹುದಿತ್ತು, ಹೊಸದನ್ನ ಸೇರಿಸೋಕೆ ಬರುತ್ತಿರಲಿಲ್ಲ. ಅದಕ್ಕೇ ಮೊದಲೇ ಉದ್ದ ಇರಬೇಕಿತ್ತು.

ಮಾಕ್ ಅಲಾಟ್‌ಮೆಂಟ್‌ನಲ್ಲಿ (ನಿಜವಾದ ಹಂಚಿಕೆಗೆ ಮೊದಲಿನ ಅಣಕು ಹಂಚಿಕೆ) ಏನೋ ಬಂತು, ಅದನ್ನ ನೋಡಿ ಕ್ರಮ ಸ್ವಲ್ಪ ಬದಲಿಸಿದೆ. ಮೊದಲ ರೌಂಡಿನಲ್ಲಿ ಬೆಂಗಳೂರಿನ ಹೊರವಲಯದ ಖಾಸಗಿ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಊರಲ್ಲಿ ಸುದ್ದಿ ಹಬ್ಬಿ ಸಿಹಿ ಹಂಚೋದೊಂದು ಬಾಕಿ. ನಾನು ಚಾಯ್ಸ್ ಎರಡು ಒತ್ತಿದೆ. ಅಂದರೆ, ಈ ಸೀಟು ಕೈಯಲ್ಲಿರಲಿ, ಇದಕ್ಕಿಂತ ಮೇಲಿನದು ಸಿಕ್ಕರೆ ಅದು ಕೊಡಿ. ಚಾಯ್ಸ್ ಒಂದು ಅಂದರೆ ಆಟ ಮುಗೀತು, ಇದೇ ಸಾಕು. ಮೂರು ಅಂದರೆ ಇದು ಬೇಡ, ಮುಂದಿನ ರೌಂಡಿಗೆ ಬರ್ತೀನಿ. ನಾಲ್ಕು ಅಂದರೆ ಪೂರ್ತಿ ಹೊರಗೆ. ಎರಡರಲ್ಲಿ ಒಂದು ಕೊಕ್ಕೆ ಇದೆ. ಮೇಲಿನದು ಸಿಕ್ಕ ಕ್ಷಣಕ್ಕೆ ಹಳೆಯದು ತಾನಾಗಿ ರದ್ದಾಗುತ್ತದೆ, ವಾಪಸ್ ಬರೋಕಾಗಲ್ಲ. ಹಾಗಾಗಿ ಆ ರಾತ್ರಿ ಕೂತು, ಮೇಲಿದ್ದ ಆಪ್ಷನ್‌ಗಳಲ್ಲಿ ಹೆಸರಿಗೆ ಮರುಳಾಗಿ ಹಾಕಿದ್ದವನ್ನೆಲ್ಲ ಅಳಿಸಿದೆ. ಎರಡನೇ ರೌಂಡಿನಲ್ಲಿ ಯುಬಿಡಿಟಿಯ ಇಲೆಕ್ಟ್ರಿಕಲ್ ಬಂತು, 3ಬಿಆರ್ ಅಡಿ. ಚಾಯ್ಸ್ ಒಂದು.

ಎಂ-ಥ್ರೀ ಪಾಸಾದೆ, ಒಳ್ಳೆ ಮಾರ್ಕ್ಸೇನಲ್ಲ. ಹಾಸ್ಟೆಲ್ ಹುಡುಗಿಯರು ಸೇರಿ ಹಳೇ ಪೇಪರು ಹರಡಿಕೊಂಡು ಬಿಡಿಸುತ್ತಿದ್ದೆವು. ಕ್ಯಾಂಪಸ್‌ಗೆ ಬರೋ ಕಂಪನಿಗಳು ಬಹುತೇಕ ಕೇಳೋದು ಹತ್ತನೇ ಕ್ಲಾಸು, ಪಿಯುಸಿ, ಬಿಇ ಮೂರರಲ್ಲೂ ಶೇ. 60, ಜೊತೆಗೆ ಬ್ಯಾಕ್ ಇರಬಾರದು. ಪಿಯುಸಿ ಅಂದರೆ ಎಷ್ಟೋ ಕಡೆ ಒಟ್ಟು ಮಾರ್ಕ್ಸ್, ಕನ್ನಡ ಇಂಗ್ಲಿಷು ಸೇರಿ. ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ ಶೇ. 58 ಇದ್ದ ಗೆಳತಿಯನ್ನ ಕನ್ನಡದ ಪೇಪರೇ ಎತ್ತಿ ದಾಟಿಸಿತು. ಸಿಇಟಿ ರ್‍ಯಾಂಕ್ ಎಷ್ಟು ಅಂತ ಇಂಟರ್‌ವ್ಯೂನಲ್ಲಿ ಯಾರೂ ಕೇಳಲಿಲ್ಲ. ಬ್ಯಾಕ್ ಎಷ್ಟು ಅಂತ ಎಲ್ಲರೂ ಕೇಳಿದರು. ಈಗ ನಾನು ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನೆಲ್ ಮಾಡೋ ಕಂಪನಿಯಲ್ಲಿ ರಿಲೇ ಟೆಸ್ಟಿಂಗ್ ಮಾಡುತ್ತೇನೆ.

ಈಗ ಚಿಕ್ಕಪ್ಪನ ಮಗ ಇದೇ ಹಾದಿಯಲ್ಲಿದ್ದಾನೆ. ಅವನ ಪಟ್ಟಿಯಲ್ಲಿ ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ ಅಂತ ನಮ್ಮ ಕಾಲದಲ್ಲಿ ಇಲ್ಲದ ಬ್ರಾಂಚುಗಳು ತುಂಬಿವೆ. ಹೊಸ ಬ್ರಾಂಚು ಬೇಡ ಅಂತ ನಾನು ಹೇಳಲಿಲ್ಲ. ಕಾಲೇಜಿಗೆ ಹೋಗಿ ಅದನ್ನ ಪಾಠ ಮಾಡೋರು ಯಾರು, ಆ ಬ್ರಾಂಚಿನ ಮೊದಲ ಬ್ಯಾಚ್ ಹೊರಗೆ ಬಂದಿದೆಯಾ ಅಂತ ಕೇಳಿಕೊಂಡು ಬಾ ಅಂದೆ. ಏನೂ ಸರಿ ಬರದಿದ್ದರೆ ಡಿಪ್ಲೊಮಾ ಮಾಡಿ ಡಿಪ್ಲೊಮಾದವರ ಸಿಇಟಿಯಾದ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಬರೋ ದಾರಿಯೂ ಇದೆ. ಅವನ ಅಮ್ಮನಿಗೆ ಅದು ಕಡಿಮೆ ಅನ್ನಿಸುತ್ತದೆ. ನಮ್ಮ ಕ್ಲಾಸಿಗೆ ಹಾಗೆ ಬಂದ ಹುಡುಗರೇ ಲ್ಯಾಬ್‌ನಲ್ಲಿ ನಮಗೆಲ್ಲ ವೈರಿಂಗ್ ಹೇಳಿಕೊಟ್ಟವರು ಅಂತ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದ್ದೇನೆ. ಇನ್ನೂ ಒಪ್ಪಿಲ್ಲ.