ಎಸ್‌ಡಿಎನ್ ಮೊದಲೋ, ಎನ್‌ಎಫ್‌ವಿ ಮೊದಲೋ? ಸೇವಾದಾರರು ತೀರ್ಮಾನಿಸುವುದು ಹೇಗೆ

ದೂರಸಂಪರ್ಕ ಕಂಪನಿಗಳ ಸಭೆಗಳಲ್ಲಿ ಎಸ್‌ಡಿಎನ್ (ಸಾಫ್ಟ್‌ವೇರ್ ಡಿಫೈನ್ಡ್ ನೆಟ್‌ವರ್ಕಿಂಗ್) ಮತ್ತು ಎನ್‌ಎಫ್‌ವಿ (ನೆಟ್‌ವರ್ಕ್ ಫಂಕ್ಷನ್ಸ್ ವರ್ಚುವಲೈಸೇಷನ್) ಎಂಬ ಎರಡು ಹೆಸರುಗಳು ಲವಕುಶರಂತೆ ಜೋಡಿಯಾಗಿಯೇ ಬರುತ್ತವೆ. ಎರಡೂ ಒಂದೇ ಎಂದುಕೊಂಡವರಿದ್ದಾರೆ. ಒಂದು ಬಂದರೆ ಇನ್ನೊಂದು ಬೇಡ ಎಂದುಕೊಂಡವರೂ ಇದ್ದಾರೆ. ಎರಡೂ ಎಣಿಕೆ ತಪ್ಪು. ಎಸ್‌ಡಿಎನ್ ಎಂದರೆ ದಟ್ಟಣೆಯ, ಅಂದರೆ ಜಾಲದಲ್ಲಿ ಹರಿಯುವ ದತ್ತಾಂಶದ, ದಾರಿಯನ್ನು ಒಂದೆಡೆಯಿಂದ ತೀರ್ಮಾನಿಸುವ ವಿಧಾನ. ಫೈರ್‌ವಾಲ್‌ನಂತಹ (ಬೇಡದ ದಟ್ಟಣೆಯನ್ನು ತಡೆಯುವ ಕಾವಲು) ಕೆಲಸಗಳನ್ನು ಅವುಗಳಿಗೆಂದೇ ತಯಾರಾದ ಪೆಟ್ಟಿಗೆಗಳಿಂದ ಬಿಡಿಸಿ, ಸಾಮಾನ್ಯ ಸರ್ವರ್‌ಗಳ ಮೇಲೆ ಸಾಫ್ಟ್‌ವೇರ್ ಆಗಿ ಓಡಿಸುವುದು ಎನ್‌ಎಫ್‌ವಿ. ಯಾವುದು ಉತ್ತಮ ಎಂದು ಕೇಳಿದರೆ ಉತ್ತರ ಸಿಗದು. ನಿಮ್ಮ ಜಾಲದ ತೊಂದರೆ ದಾರಿಯದ್ದೋ ಪೆಟ್ಟಿಗೆಯದ್ದೋ ಎಂದು ಕೇಳಿಕೊಳ್ಳಬೇಕು.

ಹೆಜ್ಜೆ 1: ದೂರುಗಳನ್ನು ಎರಡು ರಾಶಿ ಮಾಡಿ

ಕಾರ್ಯಾಚರಣೆ ವಿಭಾಗದಲ್ಲಿ ಬದಲಾವಣೆ ಕೋರಿ ಬಂದ ಅರ್ಜಿಗಳ ದಾಖಲೆ ಇದ್ದೇ ಇರುತ್ತದೆ. ಅದನ್ನು ತೆರೆಯಿರಿ. ‘ಈ ಲಿಂಕ್ ತುಂಬಿದೆ, ದಟ್ಟಣೆಯನ್ನು ಆ ಕಡೆ ತಿರುಗಿಸಿ’, ‘ಗ್ರಾಹಕರ ಬ್ಯಾಂಡ್‌ವಿಡ್ತ್ ಏರಿಸಲು ಆರು ರೂಟರ್‌ಗಳಿಗೆ ಲಾಗಿನ್ ಆಗಬೇಕಾಯಿತು’ ಎಂಬಂಥವು ಒಂದು ರಾಶಿ. ‘ಹೊಸ ಫೈರ್‌ವಾಲ್ ಯಂತ್ರ ಇನ್ನೂ ತಲುಪಿಲ್ಲ’, ‘ಒಂದು ಸೌಲಭ್ಯಕ್ಕಾಗಿ ಇಡೀ ಉಪಕರಣವನ್ನೇ ಬದಲಿಸಬೇಕಂತೆ’ ಎಂಬಂಥವು ಇನ್ನೊಂದು. ಮೊದಲ ರಾಶಿ ದೊಡ್ಡದಿದ್ದರೆ ಎಸ್‌ಡಿಎನ್ ಕಡೆ ನೋಡಿ, ಎರಡನೆಯದು ದೊಡ್ಡದಿದ್ದರೆ ಎನ್‌ಎಫ್‌ವಿ ಕಡೆ. ಮಾರಾಟಗಾರರ ಪ್ರಾತ್ಯಕ್ಷಿಕೆಗೆ ಕೂರುವ ಮೊದಲೇ ಈ ಕೆಲಸ ಮುಗಿದಿರಲಿ.

ಹೆಜ್ಜೆ 2: ದಾರಿಯ ಲೆಕ್ಕ

ಸಾಂಪ್ರದಾಯಿಕ ರೂಟರ್‌ನಲ್ಲಿ ಪ್ಯಾಕೆಟ್ (ದತ್ತಾಂಶದ ತುಣುಕು) ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವ ಭಾಗ ಮತ್ತು ಅದನ್ನು ಸಾಗಿಸುವ ಭಾಗ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಎಸ್‌ಡಿಎನ್ ಮೊದಲನೆಯದನ್ನು ಹೊರತೆಗೆದು ಕಂಟ್ರೋಲರ್ ಎಂಬ ನಿಯಂತ್ರಣ ಸಾಫ್ಟ್‌ವೇರ್‌ಗೆ ಒಪ್ಪಿಸುತ್ತದೆ. ಸ್ಟ್ಯಾನ್‌ಫರ್ಡ್‌ನಿಂದ 2008ರಲ್ಲಿ ಹೊರಬಂದ, ಕಂಟ್ರೋಲರ್ ಸ್ವಿಚ್‌ಗಳಿಗೆ ನಿಯಮ ಹೇಳುವ ಓಪನ್‌ಫ್ಲೋ ಇದಕ್ಕೆ ಹೆಸರು ತಂದುಕೊಟ್ಟಿತು. ಗೂಗಲ್ ತನ್ನ ದತ್ತಾಂಶ ಕೇಂದ್ರಗಳ ನಡುವೆ ಎಸ್‌ಡಿಎನ್‌ನಿಂದ ನಡೆಸುವ ಬಿ4 ಜಾಲದ ಹಲವು ಲಿಂಕ್‌ಗಳನ್ನು ಹೆಚ್ಚುಕಡಿಮೆ ಶೇ 100ರಷ್ಟು ಬಳಸುತ್ತಿರುವುದಾಗಿ 2013ರಲ್ಲಿ ಪ್ರಕಟಿಸಿದಾಗ ಎಲ್ಲರ ಕಿವಿ ನೆಟ್ಟಗಾಯಿತು.

ಆದರೆ ಆ ಅಂಕಿಯನ್ನು ನಿಮ್ಮ ಯೋಜನಾ ವರದಿಗೆ ನೇರವಾಗಿ ಎತ್ತಿಕೊಳ್ಳಬೇಡಿ. ಅಲ್ಲಿ ದಟ್ಟಣೆಯ ಎರಡೂ ತುದಿ ಗೂಗಲ್‌ನದ್ದೇ. ಯಾವ ಕಡತ ಕಾಯಬಹುದು, ಯಾವುದು ಕಾಯಬಾರದು ಎಂದು ಅದೇ ಹೇಳಬಲ್ಲದು. ಗ್ರಾಹಕರ ದಟ್ಟಣೆ ಹೊರುವ ಸೇವಾದಾರರಿಗೆ ಆ ಸ್ವಾತಂತ್ರ್ಯ ಕಡಿಮೆ. ಅವರು ಇರುವ ರೂಟರ್‌ಗಳನ್ನು ಉಳಿಸಿಕೊಂಡು, ಸೆಗ್ಮೆಂಟ್ ರೂಟಿಂಗ್ (ಪ್ಯಾಕೆಟ್‌ನಲ್ಲೇ ದಾರಿ ಬರೆಯುವ ವಿಧಾನ), ಪಿಸಿಇಪಿ (ಲೆಕ್ಕ ಹಾಕಿದ ದಾರಿಯನ್ನು ರೂಟರ್‌ಗೆ ತಿಳಿಸುವ ನಿಯಮಾವಳಿ), ನೆಟ್‌ಕಾನ್ಫ್‌ (ಉಪಕರಣವನ್ನು ದೂರದಿಂದ ಹೊಂದಿಸುವ ನಿಯಮಾವಳಿ) ಇವುಗಳ ಮೂಲಕ ಮೇಲಿನಿಂದ ದಾರಿ ಹೇಳಿಸುವುದೇ ಸಾಮಾನ್ಯವಾಗಿ ಸುಲಭದ ಆರಂಭ.

ಹೆಜ್ಜೆ 3: ಪ್ಯಾಕೆಟ್ ಎಣಿಸಿ

2012ರ ಅಕ್ಟೋಬರ್‌ನಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 13 ದೂರಸಂಪರ್ಕ ಕಂಪನಿಗಳು ಹೊರಡಿಸಿದ ಶ್ವೇತಪತ್ರದಿಂದ ಎನ್‌ಎಫ್‌ವಿ ಚರ್ಚೆಗೆ ಬಂತು. ಎಸ್‌ಡಿಎನ್ ಮತ್ತು ಎನ್‌ಎಫ್‌ವಿ ಪರಸ್ಪರ ಪೂರಕ, ಆದರೆ ಒಂದನ್ನೊಂದು ಅವಲಂಬಿಸಿಲ್ಲ ಎಂದು ಆ ಪತ್ರವೇ ಹೇಳಿತ್ತು. ಅನಂತರದ ಮಾನದಂಡಗಳ ಕೆಲಸ ಯುರೋಪಿನ ಎಟ್ಸಿ ಸಂಸ್ಥೆಯಲ್ಲಿ ನಡೆಯಿತು.

ಎಡವುವುದು ವೇಗದ ವಿಷಯದಲ್ಲಿ. ಸೆಕೆಂಡಿಗೆ 10 ಗಿಗಾಬಿಟ್‌ನ ಈಥರ್‌ನೆಟ್ ಲಿಂಕ್‌ನಲ್ಲಿ 64 ಬೈಟ್‌ನ ಅತಿ ಸಣ್ಣ ಫ್ರೇಮ್‌ಗಳೇ (ಪ್ಯಾಕೆಟ್ ಹೊತ್ತ ಲಕೋಟೆಗಳೇ) ಬರುತ್ತಿವೆ ಎಂದುಕೊಳ್ಳಿ. ಸೆಕೆಂಡಿಗೆ ಸುಮಾರು 1.488 ಕೋಟಿ ಪ್ಯಾಕೆಟ್‌ಗಳಾಗುತ್ತವೆ. ಒಂದೊಂದಕ್ಕೂ ಸಿಗುವ ಸಮಯ 67 ನ್ಯಾನೊಸೆಕೆಂಡ್. 3 ಗಿಗಾಹರ್ಟ್ಸ್ ಪ್ರೊಸೆಸರ್‌ನ ಒಂದು ಕೋರ್ ಅಷ್ಟರಲ್ಲಿ ಸುಮಾರು 200 ಆವರ್ತಗಳನ್ನಷ್ಟೇ ಮುಗಿಸುತ್ತದೆ, ಮುಖ್ಯ ಮೆಮೊರಿಗೆ ಒಮ್ಮೆ ಹೋಗಿಬರುವುದರಲ್ಲೇ ಹೆಚ್ಚುಕಡಿಮೆ ಆ ಸಮಯವೆಲ್ಲ ಕಳೆದುಹೋಗುತ್ತದೆ. ದಿನನಿತ್ಯದ ಪ್ಯಾಕೆಟ್‌ಗಳು ಇದಕ್ಕಿಂತ ದೊಡ್ಡವು, ನಿಜ. ದಾಳಿ ನಡೆದ ದಿನ ಮಾತ್ರ ಸಣ್ಣವೇ ಮುಗಿಬೀಳಬಹುದು.

ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನು ಬದಿಗಿಟ್ಟು ಪ್ಯಾಕೆಟ್ ಓದುವ ಡಿಪಿಡಿಕೆ, ನೆಟ್‌ವರ್ಕ್ ಕಾರ್ಡನ್ನು ವರ್ಚುವಲ್ ಯಂತ್ರಗಳಿಗೆ (ಒಂದೇ ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ರೂಪಿಸಿದ ಕಂಪ್ಯೂಟರ್‌ಗಳಿಗೆ) ನೇರವಾಗಿ ಹಂಚುವ ಎಸ್‌ಆರ್-ಐಒವಿ ಬಂದದ್ದು ಇದಕ್ಕಾಗಿಯೇ. ಎರಡನೆಯದಕ್ಕೆ ಒಂದು ಬೆಲೆಯಿದೆ: ಯಂತ್ರವು ಕಾರ್ಡಿಗೆ ಕಟ್ಟುಬಿದ್ದು, ಓಡುತ್ತಿರುವಾಗಲೇ ಅದನ್ನು ಇನ್ನೊಂದು ಸರ್ವರ್‌ಗೆ ಸಾಗಿಸುವುದು ಕಷ್ಟವಾಗುತ್ತದೆ. ವರ್ಚುವಲ್ ಮಾಡಿದ್ದರ ಒಂದು ಮುಖ್ಯ ಲಾಭವೇ ಕೈತಪ್ಪಿದಂತೆ.

ಹೆಜ್ಜೆ 4: ಮೊದಲು ಹಗುರವಾದದ್ದನ್ನು ಸಾಗಿಸಿ

ರೂಟ್ ರಿಫ್ಲೆಕ್ಟರ್, ಡಿಎನ್‌ಎಸ್ (ಜಾಲತಾಣದ ಹೆಸರಿಗೆ ವಿಳಾಸ ಹುಡುಕುವ ಸೇವೆ), ರೇಡಿಯಸ್ (ಬಳಕೆದಾರರ ಗುರುತು ಪರಿಶೀಲಿಸುವ ಸೇವೆ) ಇವು ಒಳ್ಳೆಯ ಆರಂಭ. ರೂಟ್ ರಿಫ್ಲೆಕ್ಟರ್ ಅಂತೂ ಗ್ರಾಹಕರ ದಟ್ಟಣೆಯನ್ನು ಹೊರಬೇಕಾಗಿಯೇ ಇಲ್ಲ, ದಾರಿಗಳ ಮಾಹಿತಿಯನ್ನಷ್ಟೇ ಹಂಚಿದರೆ ಸಾಕು. ಜಾಲದ ನಡುಮಧ್ಯದ ದೊಡ್ಡ ರೂಟರ್‌ಗಳನ್ನು ಸದ್ಯಕ್ಕೆ ಮುಟ್ಟಬೇಡಿ, ವಿಶೇಷ ಚಿಪ್‌ಗಳ ಜೊತೆ ಸಾಮಾನ್ಯ ಸರ್ವರ್ ಪೈಪೋಟಿ ನಡೆಸಲಾರದು. ಇಂದು ಕೊಳ್ಳುವವರು ಸಾಫ್ಟ್‌ವೇರ್ ವರ್ಚುವಲ್ ಯಂತ್ರವಾಗಿ ಬರುತ್ತದೆಯೋ ಅದಕ್ಕಿಂತ ಹಗುರವಾದ ಕಂಟೈನರ್ ಪೊಟ್ಟಣವಾಗಿಯೋ ಎಂದು ವಿಚಾರಿಸಲೇಬೇಕು.

ಸರ್ವರ್ ಅಗ್ಗವಾಯಿತೆಂದು ಒಟ್ಟು ಖರ್ಚು ಇಳಿಯುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಪರವಾನಗಿ ಶುಲ್ಕ, ನಿರ್ವಹಣಾ ತಂತ್ರಾಂಶ, ಹೊಸ ಕೌಶಲದ ಸಿಬ್ಬಂದಿ ಇವೆಲ್ಲ ಲೆಕ್ಕಕ್ಕೆ ಬರಬೇಕು. ಸೇವೆ ನಿಂತಾಗ ಸರ್ವರ್‌ನವರು ಹೈಪರ್‌ವೈಸರ್‌ನತ್ತ (ವರ್ಚುವಲ್ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್), ಹೈಪರ್‌ವೈಸರ್‌ನವರು ಫೈರ್‌ವಾಲ್ ಸಾಫ್ಟ್‌ವೇರ್‌ನತ್ತ ಬೆರಳು ತೋರಿಸುತ್ತಾರೆ. ಮೊದಲು ಕರೆ ಸ್ವೀಕರಿಸಿ ದೋಷ ಹುಡುಕಬೇಕಾದವರು ಯಾರು ಎಂಬುದು ಒಪ್ಪಂದದಲ್ಲೇ ಇರಲಿ.

ಹೆಜ್ಜೆ 5: ಎರಡನ್ನೂ ಬೆಸೆಯುವುದು

ಗ್ರಾಹಕರು ಫೈರ್‌ವಾಲ್ ಮತ್ತು ವಿಳಾಸ ಪರಿವರ್ತನೆ (ಒಳಜಾಲದ ಐಪಿ ವಿಳಾಸಗಳನ್ನು ಹೊರಜಾಲದ ವಿಳಾಸಕ್ಕೆ ಬದಲಿಸುವುದು) ಎರಡನ್ನೂ ಕೇಳಿದರು ಎನ್ನಿ. ಎನ್‌ಎಫ್‌ವಿಯ ನಿರ್ವಹಣಾ ಸಾಫ್ಟ್‌ವೇರ್ ಆದ ಆರ್ಕೆಸ್ಟ್ರೇಟರ್ ಎರಡನ್ನೂ ಸರ್ವರ್‌ಗಳ ಮೇಲೆ ಎಬ್ಬಿಸುತ್ತದೆ. ಗ್ರಾಹಕರ ದಟ್ಟಣೆ ಅವುಗಳ ಮೂಲಕ ಸರಿಯಾದ ಕ್ರಮದಲ್ಲಿ ಹಾದುಹೋಗುವಂತೆ ಎಸ್‌ಡಿಎನ್ ಕಂಟ್ರೋಲರ್ ದಾರಿ ಹಾಕುತ್ತದೆ. ಇವೆರಡರ ನಡುವೆ ಹೊಂದಾಣಿಕೆ ತಪ್ಪಿದರೆ ಪರದೆಯ ಮೇಲೆ ಎಲ್ಲ ಯಂತ್ರಗಳೂ ಹಸಿರಾಗಿರುತ್ತವೆ, ಗ್ರಾಹಕರಿಗೆ ಮಾತ್ರ ಇಂಟರ್ನೆಟ್ ಇರುವುದಿಲ್ಲ. ಆದ್ದರಿಂದ ಯಂತ್ರದ ಆರೋಗ್ಯವನ್ನಷ್ಟೇ ನೋಡದೆ, ಸರಪಳಿಯ ಈ ತುದಿಯಿಂದ ಆ ತುದಿಗೆ ಪರೀಕ್ಷಾ ಪ್ಯಾಕೆಟ್ ಕಳಿಸುತ್ತಲೇ ಇರಿ.

ಕಂಟ್ರೋಲರ್ ಒಂದೇ ಇರಕೂಡದು. ಬಹುಮತದಿಂದ ತೀರ್ಮಾನಿಸುವ ಕ್ಲಸ್ಟರ್ (ಕಂಟ್ರೋಲರ್‌ಗಳ ಗುಂಪು) ಆಗಿದ್ದರೆ ಮೂರು ಅಥವಾ ಐದು ಇಡಿ. ಸೇವೆ ಆರಂಭಿಸುವ ಮುನ್ನ ಪ್ರಯೋಗಾಲಯದಲ್ಲಿ ಕಂಟ್ರೋಲರ್ ಕಡೆಗಿನ ಕೇಬಲ್ ಕಿತ್ತು ನೋಡಿ. ಓಪನ್‌ಫ್ಲೋ ಸ್ವಿಚ್ ಆದರೆ, ಹೊಂದಿಸಿಟ್ಟಂತೆ ಹಳೆಯ ನಿಯಮಗಳಲ್ಲೇ ಮುಂದುವರಿಯಬಹುದು ಅಥವಾ ಸಾಮಾನ್ಯ ಸ್ವಿಚ್‌ನಂತೆ ವರ್ತಿಸಬಹುದು. ನಿಮಗೆ ಬೇಕಾದದ್ದು ಯಾವುದು ಎಂದು ಕೈಪಿಡಿಯಲ್ಲಿ ಬರೆದಿಟ್ಟು, ರಾತ್ರಿ ಪಾಳಿಯವರಿಂದಲೂ ಆ ಪರೀಕ್ಷೆಯನ್ನು ಒಮ್ಮೆ ಮಾಡಿಸಿ.