ಅಕ್ಕನ ಬಳಗ ಬಿಟ್ಟು ಬಂದವರಿಗೆ: ಇಲ್ಲೊಂದು ಪಿ.ಇ.ಓ. ಶಾಖೆ ಕಟ್ಟೋಣ

ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಅಮೆರಿಕಕ್ಕೋ ಕೆನಡಾಕ್ಕೋ ಹೊಸದಾಗಿ ಬಂದಿರುವ ಅಕ್ಕ-ತಂಗಿಯರೇ, ಕನ್ನಡ ಸಂಘಕ್ಕೆ ಖಂಡಿತ ಹೋಗಿ. ಯುಗಾದಿ, ರಾಜ್ಯೋತ್ಸವ ತಪ್ಪಿಸಬೇಡಿ. ಅದರ ಜೊತೆಗೆ, ನೀವಿರುವ ಊರಿನ ಹೆಂಗಸರೊಂದಿಗೆ ಕೂತು ಕೆಲಸ ಮಾಡುವ ಜಾಗವೂ ಒಂದು ಬೇಕು. ಅದಕ್ಕೆ ನಾನು ಹೇಳುವುದು ಪಿ.ಇ.ಓ. ಸಿಸ್ಟರ್‌ಹುಡ್.

1869ರ ಜನವರಿ 21ರಂದು ಅಯೋವಾದ ಮೌಂಟ್ ಪ್ಲೆಸೆಂಟ್‌ನ ಕಾಲೇಜೊಂದರಲ್ಲಿ ಏಳು ಹುಡುಗಿಯರು ಕಟ್ಟಿದ ಬಳಗ ಇದು. ಹೆಣ್ಣುಮಕ್ಕಳ ಓದಿಗೆ ದುಡ್ಡು ಒದಗಿಸುವುದೇ ಮುಖ್ಯ ಕೆಲಸ. 1907ರಲ್ಲಿ ಓದಿಗೆ ಸಾಲ ಕೊಡಲು ಶುರು ಮಾಡಿದರು. ಓದು ಅರ್ಧಕ್ಕೆ ನಿಂತ ಹೆಂಗಸರಿಗೆ 1973ರಿಂದ ನೆರವಿದೆ. ನಮಗೆ ತುಂಬಾ ಹತ್ತಿರದ್ದು 1949ರ ಇಂಟರ್‌ನ್ಯಾಷನಲ್ ಪೀಸ್ ಸ್ಕಾಲರ್‌ಶಿಪ್. ಅದು ಬೇರೆ ದೇಶದಿಂದ ಅಮೆರಿಕ, ಕೆನಡಾಕ್ಕೆ ಬಂದು ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೆಂದೇ ಇರುವುದು. ದಾವಣಗೆರೆಯ ಬಿಐಇಟಿ, ಯುಬಿಡಿಟಿಯಂಥ ಇಂಜಿನಿಯರಿಂಗ್ ಕಾಲೇಜಲ್ಲಿ ಬಿ.ಇ. ಮುಗಿಸಿ ಎಂ.ಎಸ್.ಗೆ ಹೊರಟ ಹುಡುಗಿ ನಿಮ್ಮ ಬಂಧುಗಳಲ್ಲಿ ಇದ್ದರೆ ಇವತ್ತೇ ಫೋನ್ ಮಾಡಿ ಹೇಳಿ. ಗೊತ್ತಿಲ್ಲದೆ ಕಳೆದುಕೊಳ್ಳುವವರೇ ಜಾಸ್ತಿ ಅನ್ನೋದು ನನ್ನ ಕೊರಗು.

ಸದಸ್ಯರಾಗುವುದು ಆಹ್ವಾನದ ಮೇಲೆ. ನಮ್ಮವರಿಗೆ ಇಲ್ಲೇ ಸಂಕೋಚ. ಕರೆಯದೆ ಹೋಗಬಾರದು ಅಂತ ಕಲಿತು ಬೆಳೆದವರು, ಸುಮ್ನೆ ಕಾಯುತ್ತೀವಿ. ಕಾಯಬೇಡಿ. ಪಕ್ಕದ ಮನೆಯವರೋ ಲೈಬ್ರರಿಯಲ್ಲಿ ಸಿಗುವ ಹಿರಿಯರೋ ಪುಟ್ಟ ನಕ್ಷತ್ರದ ಪಿನ್ ಹಾಕಿದ್ದರೆ, ಪಿ.ಇ.ಓ.ದ್ದಾ ಅಂತ ಕೇಳಿ. ಹೌದಂದರೆ, ನನಗೂ ಆಸಕ್ತಿ ಇದೆ ಅನ್ನಿ. ಕೇಳಿದರೆ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಹೊಸ ಶಾಖೆ ಕಟ್ಟುವ ಆಸೆ ಇದ್ದರೂ ಮೊದಲು ಇರುವ ಶಾಖೆಯಲ್ಲಿ ಒಂದೆರಡು ವರ್ಷ ಕಳೆಯಿರಿ. ನಮಗೆ ಇದೆಲ್ಲ ಬರಲ್ಲ ಅಂತ ಹೆದರಬೇಡಿ. ಊರಲ್ಲಿ ಅಕ್ಕನ ಬಳಗದಲ್ಲೋ ಸ್ತ್ರೀಶಕ್ತಿ ಸಂಘದಲ್ಲೋ ಏನು ಮಾಡುತ್ತಿದ್ದಿರಿ? ಒಬ್ಬರ ಪಡಸಾಲೆಯಲ್ಲಿ ಚಾಪೆ ಹಾಸಿ, ಒಂದು ವಚನ ಹಾಡಿ, ಹಾಜರಿ ಕೂಗಿ, ಹಿಂದಿನ ಸಭೆಯ ನಡಾವಳಿ ಓದಿ, ದುಡ್ಡೆಣಿಸಿ, ಪುಸ್ತಕಕ್ಕೆ ಸಹಿ. ಇಲ್ಲೂ ಹೆಚ್ಚಾಗಿ ಮನೆಗಳಲ್ಲೇ ಸೇರುತ್ತಾರೆ. ಅಧ್ಯಕ್ಷೆ, ಉಪಾಧ್ಯಕ್ಷೆ, ಖಜಾಂಚಿ ಇರುತ್ತಾರೆ. ನಡಾವಳಿಗೆ ಒಬ್ಬರು, ಪತ್ರವ್ಯವಹಾರಕ್ಕೆ ಒಬ್ಬರು ಕಾರ್ಯದರ್ಶಿ. ಪ್ರಾರ್ಥನೆಗೆ ಚಾಪ್ಲೇನ್, ಬಾಗಿಲಿಗೆ ಗಾರ್ಡ್. ನಡಾವಳಿ ಬರೆಯುವ ಕೆಲಸ ಸಿಕ್ಕರೆ ಬಿಡಬೇಡಿ. ಎಲ್ಲರ ಹೆಸರು, ಮಾತಿನ ಧಾಟಿ, ನಿಯಮಗಳು ಬೇಗ ಕೈಗೆ ಹತ್ತುತ್ತವೆ.

ಆಮೇಲೆ ರಾಜ್ಯ ಶಾಖೆಯ ಆರ್ಗನೈಸರ್ ಹತ್ತಿರ ಮಾತಾಡಿ. ಎಷ್ಟು ಜನ ಬೇಕು, ಯಾವ ಕಾಗದ ಕೊಡಬೇಕು ಅಂತ ಅವರೇ ಹೇಳುತ್ತಾರೆ. ಹೊಸ ಶಾಖೆಗೆ ಇಂಗ್ಲಿಷ್ ಅಕ್ಷರಗಳ ಹೆಸರು ಸಿಗುತ್ತದೆ.

ಯಾರನ್ನು ಸೇರಿಸಿಕೊಳ್ಳಬೇಕು ಅನ್ನೋದರಲ್ಲಿ ನನ್ನ ಮಾತು ಗಟ್ಟಿ: ಎಲ್ಲರೂ ನಮ್ಮವರೇ ಆಗುವುದು ಬೇಡ. ವೀಸಾ, ಗಂಡನ ಟ್ರಾನ್ಸ್‌ಫರ್, ಹೊಸ ಕೆಲಸ ಅಂತ ನಮ್ಮಲ್ಲಿ ಅರ್ಧ ಜನ ಊರು ಬದಲಿಸುತ್ತಾ ಇರುತ್ತಾರೆ. ಆಗ ಶಾಖೆ ಉಳಿಸುವವರು ಅಲ್ಲೇ ಬೇರೂರಿದ ಹೆಂಗಸರು. ಅವರಿಗೆ ಹೊಸ ಕೈ ಬೇಕು, ನಮಗೆ ಹಳೇ ಬಲ ಬೇಕು. ಸಭೆ ಹಗಲಲ್ಲಿ ಇಟ್ಟರೆ ಕೆಲಸಕ್ಕೆ ಹೋಗುವವರು, ಸಣ್ಣ ಮಕ್ಕಳ ತಾಯಂದಿರು ತಪ್ಪಿಹೋಗುತ್ತಾರೆ. ಸಂಜೆ ಇಡಿ ಅಥವಾ ಶನಿವಾರ. ವಾರ್ಷಿಕ ಚಂದಾ ಎಷ್ಟು ಅಂತ ಸೇರುವ ಮೊದಲೇ ಎಲ್ಲರಿಗೂ ಹೇಳಿಬಿಡಿ.

ನಿಮ್ಮ ಮನೆಯ ಸರದಿ ಬಂದಾಗ ಹಬ್ಬದಡುಗೆ ಮಾಡಬೇಡಿ. ಮುಂದಿನವರಿಗೆ ಅದೇ ಭಾರವಾಗುತ್ತದೆ. ಚಹಾ, ಖಾರ ಮಂಡಕ್ಕಿ ಸಾಕು. ಯಾರಿಗಾದರೂ ಶೇಂಗಾ ಅಲರ್ಜಿ ಇದೆಯಾ ಅಂತ ಹಿಂದಿನ ದಿನವೇ ಕೇಳಿ. ಇದ್ದರೆ ಮಂಡಕ್ಕಿಗೆ ಶೇಂಗಾ ಬಿಟ್ಟು ಪುಟಾಣಿ ಹಾಕಿ, ಒಗ್ಗರಣೆಗೆ ಶೇಂಗಾ ಎಣ್ಣೆಯೂ ಬೇಡ.