ಸ್ಟ್ರೋಕ್ ಮೆದುಳಿನ ಯಾವ ಜಾಗಕ್ಕೆ ಹೊಡೆದಿದೆ? ನ್ಯುಮೋನಿಯಾ ತಡೆಯುವ ಕೆಲಸ ನಾನು ಅಲ್ಲಿಂದ ಶುರು ಮಾಡುತ್ತೇನೆ

ಸ್ಟ್ರೋಕ್ ಆದವರಿಗೆ ನ್ಯುಮೋನಿಯಾ ಬಂದರೆ ಹೆಚ್ಚಾಗಿ ಮೊದಲ ವಾರದೊಳಗೇ ಬರುತ್ತದೆ. ಜೊಲ್ಲೋ ನುಂಗಿದ್ದೋ ದಾರಿತಪ್ಪಿ ಶ್ವಾಸಕೋಶಕ್ಕೆ ಇಳಿಯುವುದು ಇದಕ್ಕೆ ಮುಖ್ಯ ಕಾರಣ. ಹಾಗಾಗಿ ರೋಗಿ ವಾರ್ಡಿಗೆ ಬಂದ ಕೂಡಲೇ ಸ್ಕ್ಯಾನ್ ತೆರೆದು ಮೊದಲು ಗಾಯದ ಜಾಗ ನೋಡುತ್ತೇನೆ, ಗಾತ್ರ ಆಮೇಲೆ. ದೊಡ್ಡ ಗಾಯವಿದ್ದವರ ಬಗ್ಗೆ ಎಲ್ಲರೂ ಎಚ್ಚರವಾಗಿಯೇ ಇರುತ್ತಾರೆ. ಕಣ್ತಪ್ಪಿ ಹೋಗುವುದು ಬಟಾಣಿ ಕಾಳಿನಷ್ಟು ಗಾಯವಾಗಿ, ಕೈಕಾಲು ಚೆನ್ನಾಗಿ ಆಡುತ್ತಾ, ಒಂದು ಗುಟುಕು ನೀರನ್ನೂ ಸರಿಯಾಗಿ ನುಂಗಲಾರದವರು.

ಸ್ಟ್ರೋಕ್ ಆದವರ ನ್ಯುಮೋನಿಯಾ ಅಪಾಯ ಅಳೆಯಲು ಬಳಕೆಯಲ್ಲಿರುವ ಎ2ಡಿಎಸ್2 ಅಂಕಪಟ್ಟಿಯನ್ನೇ ತೆಗೆದುಕೊಳ್ಳಿ. ವಯಸ್ಸು 75 ಅಥವಾ ಹೆಚ್ಚಿದ್ದರೆ 1, ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ತಾಳತಪ್ಪಿದ ಬಡಿತ) ಇದ್ದರೆ 1, ನುಂಗುವ ತೊಂದರೆಗೆ 2, ಗಂಡಸಾದರೆ 1. ಸ್ಟ್ರೋಕ್ ಎಷ್ಟು ತೀವ್ರ ಎಂದು ಅಳೆಯುವ ಅಂಕವಾದ ಎನ್‌ಐಎಚ್‌ಎಸ್‌ಎಸ್ 5ರಿಂದ 15 ಇದ್ದರೆ 3, 16 ಅಥವಾ ಮೇಲಿದ್ದರೆ 5. ಒಟ್ಟು 10ರಲ್ಲಿ 5 ಬಂದರೆ ಅಪಾಯ ಹೆಚ್ಚು. ಈಗ 50 ವರ್ಷದ ಗಂಡಸೊಬ್ಬರಿಗೆ, ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಮೆದುಳುಕಾಂಡದ ಕೆಳತುದಿಯಾದ ಮೆಡುಲ್ಲಾದ ಪಕ್ಕದ ಭಾಗದಲ್ಲಿ ಸ್ಟ್ರೋಕ್ ಆಗಿದೆ ಎನ್ನಿ. ಎನ್‌ಐಎಚ್‌ಎಸ್‌ಎಸ್ 3, ತಮ್ಮ ಜೊಲ್ಲನ್ನೇ ನುಂಗಲಾರರು. ಅಂಕ ಬರುವುದು ಬರೀ 3, ಅಂದರೆ ಕಡಿಮೆ ಅಪಾಯ! ಎನ್‌ಐಎಚ್‌ಎಸ್‌ಎಸ್‌ನಲ್ಲಿ ನುಂಗುವಿಕೆಗೆ ಒಂದು ಅಂಕವೂ ಇಲ್ಲದಿರುವುದೇ ಇದಕ್ಕೆ ಕಾರಣ.

ಹಾಗೆಂದು ಜಾಗವೇ ನೇರವಾಗಿ ಶ್ವಾಸಕೋಶವನ್ನು ಕೆಡಿಸುವುದಿಲ್ಲ. ನುಂಗುವಿಕೆ ತಪ್ಪುವುದು, ಕೆಮ್ಮು ಸತ್ತುಹೋಗುವುದು, ಎಚ್ಚರ ಇಳಿಯುವುದು, ರೋಗನಿರೋಧಕ ಶಕ್ತಿ ಕುಗ್ಗುವುದು: ಈ ನಾಲ್ಕು ದಾರಿಗಳಲ್ಲಿ ಯಾವುದು ತೆರೆದಿದೆ ಎಂದು ಜಾಗ ಹೇಳುತ್ತದೆ. ನಾನು ಏನು ಪರೀಕ್ಷಿಸಬೇಕು, ಯಾವ ಪರೀಕ್ಷೆಯನ್ನು ಎಷ್ಟು ನಂಬಬೇಕು ಎಂಬುದು ಅದರ ಮೇಲೆ ನಿಂತಿದೆ.

ಮೆಡುಲ್ಲಾದ ಪಕ್ಕದ ಭಾಗದ್ದೇ ಬೇರೆ ಲೋಕ. ಗಂಟಲು, ಅಂಗುಳು, ಧ್ವನಿತಂತುಗಳನ್ನು ನಡೆಸುವ ನ್ಯೂಕ್ಲಿಯಸ್ ಆಂಬಿಗ್ಯುಅಸ್ ಎಂಬ ನರಕೋಶಗಳ ಗುಂಪು ಅಲ್ಲಿದೆ. ನುಂಗುವಿಕೆಯ ತಾಳ ಹಾಕುವ ನರಕೋಶಗಳೂ ಅಲ್ಲೇ. ಅನ್ನನಾಳದ ಬಾಯಿಯ ಸ್ನಾಯು ಸರಿಯಾಗಿ ತೆರೆಯುವುದಿಲ್ಲ, ನುಂಗಿದ್ದು ಗಂಟಲಲ್ಲೇ ನಿಂತು ಆಮೇಲೆ ಶ್ವಾಸನಾಳಕ್ಕೆ ಚೆಲ್ಲುತ್ತದೆ. ತಲೆಸುತ್ತು, ಬಿಡದ ಬಿಕ್ಕಳಿಕೆ, ಒಡೆದ ಧ್ವನಿ, 'ಆ' ಎಂದಾಗ ಒಂದು ಬದಿ ಏಳದ ಅಂಗುಳು, ಮತ್ತೆ ಮತ್ತೆ ಜೊಲ್ಲು ಉಗುಳುವುದು ಕಂಡರೆ ಸ್ಕ್ಯಾನ್ ಏನೇ ಹೇಳಲಿ, ಬಾಯಿಂದ ಏನೂ ಕೊಡಬೇಡಿ ಎಂದು ಹಾಸಿಗೆಯ ಮೇಲೆ ಬರೆದು ಹಾಕುತ್ತೇನೆ. ಸಿಟಿಯಲ್ಲಿ ಈ ಗಾಯ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಮೊದಲ ಒಂದೆರಡು ದಿನ ಹೊಸ ಗಾಯ ಹುಡುಕುವ ಡಿಫ್ಯೂಷನ್ ಎಂಆರ್‌ಐ ಕೂಡ ಕೆಲವೊಮ್ಮೆ ತೋರಿಸುವುದಿಲ್ಲ.

ಇಲ್ಲಿ ನೀರನ್ನು ದಪ್ಪ ಮಾಡಿ ಕೊಡುವ ಅಭ್ಯಾಸ ತಿರುಗುಬಾಣವಾಗಬಹುದು. ದಪ್ಪ ದ್ರವ ನಿಧಾನವಾಗಿ ಇಳಿಯುವುದರಿಂದ, ನುಂಗುವಿಕೆ ತಡವಾಗಿ ಶುರುವಾಗುವವರಿಗೆ ಅನುಕೂಲ. ಅನ್ನನಾಳದ ಬಾಯಿಯೇ ತೆರೆಯದವರಲ್ಲಿ ಅದು ಗಂಟಲಲ್ಲಿ ಇನ್ನಷ್ಟು ಉಳಿದುಬಿಡುತ್ತದೆ. ತಲೆಯನ್ನು ದುರ್ಬಲ ಬದಿಗೆ ತಿರುಗಿಸಿ ನುಂಗಿಸಿದರೆ ಆ ಬದಿ ಮುಚ್ಚಿ, ಆಹಾರ ಗಟ್ಟಿ ಬದಿಯಿಂದ ಇಳಿಯುತ್ತದೆ. ಅದು ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ಮೂಗಿನಿಂದ ಎಂಡೋಸ್ಕೋಪ್ ಇಳಿಸಿಯೋ ವಿಡಿಯೋ ಎಕ್ಸ್‌ರೇಯಲ್ಲೋ ನೋಡಿದ ಮೇಲಷ್ಟೇ ನಂಬುತ್ತೇನೆ.

ಮೆದುಳುಕಾಂಡದ ನಡುಭಾಗವಾದ ಪಾನ್ಸ್‌ನ ಗಾಯ ಮೊದಲ ದಿನಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಿಗಡಾಯಿಸಬಹುದು. ಬೆಳಿಗ್ಗೆ ನುಂಗುವ ಪರೀಕ್ಷೆಯಲ್ಲಿ ಪಾಸಾದವರು ಸಂಜೆ ಫೇಲಾಗುತ್ತಾರೆ, ಆದ್ದರಿಂದ ಪ್ರತಿ ಪಾಳಿಯಲ್ಲೂ ಮರುಪರೀಕ್ಷೆ.

ಮೆದುಳಿನ ಅರ್ಧಗೋಳಗಳ ಲೆಕ್ಕ ಬೇರೆ. ನುಂಗುವಿಕೆಗೆ ಎರಡೂ ಬದಿಯ ಕಾರ್ಟೆಕ್ಸ್ (ಮೆದುಳಿನ ಹೊರಪದರ) ದುಡಿಯುತ್ತದೆ, ಆದರೆ ಸಮನಾಗಿ ಅಲ್ಲ. ಹೆಚ್ಚು ದುಡಿಯುವ ಬದಿಗೆ ಹೊಡೆತ ಬಿದ್ದರೆ ತೊಂದರೆ; ಇನ್ನೊಂದು ಬದಿ ಹೊಣೆ ಹೊತ್ತುಕೊಂಡಂತೆ ಹಲವರು ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಅದಕ್ಕಾಗಿಯೇ ಎದುರು ಬದಿಯಲ್ಲಿ ಹಳೆಯ ಗಾಯವಿದೆಯೇ ಎಂದು ತಪ್ಪದೆ ಹುಡುಕುತ್ತೇನೆ. ಹಳೆಯದೊಂದು ಬಲಕ್ಕೆ, ಹೊಸದೊಂದು ಎಡಕ್ಕೆ ಎಂದಾದರೆ ಹೊಣೆ ಹೊರಲು ಯಾರೂ ಉಳಿದಿರುವುದಿಲ್ಲ. ಹೊಸ ಗಾಯ ಎಷ್ಟೇ ಚಿಕ್ಕದಿರಲಿ, ಇಂಥವರು ನನ್ನ ಪಟ್ಟಿಯಲ್ಲಿ ಮೇಲಿರುತ್ತಾರೆ.

ಬಲ ಅರ್ಧಗೋಳದವರಲ್ಲಿ ಇನ್ನೊಂದು ಪೇಚು. ತಮಗೆ ತೊಂದರೆ ಇದೆ ಎಂಬುದೇ ಅವರಿಗೆ ಹೊಳೆಯದೆ ಇರಬಹುದು. ಬಾಯಿ ತುಂಬ ತುರುಕಿಕೊಳ್ಳುತ್ತಾರೆ, ಎಡಗೆನ್ನೆಯಲ್ಲಿ ತುತ್ತು ಉಳಿದರೂ ಅರಿವಿರುವುದಿಲ್ಲ. ಊಟವಾದ ಮೇಲೆ ಆ ಕೆನ್ನೆಯೊಳಗೆ ಟಾರ್ಚ್ ಹಾಕಿ ನೋಡಲೇಬೇಕು. ಎಡ ಅರ್ಧಗೋಳದವರಿಗೆ ಮಾತು ಅರ್ಥವಾಗದೆ 'ಕೆಮ್ಮಿ' ಎಂದರೆ ಕೆಮ್ಮುವುದಿಲ್ಲ. ಅದನ್ನು ಕೆಮ್ಮಿನ ಶಕ್ತಿ ಹೋಗಿದೆ ಎಂದು ಬರೆಯುವಂತಿಲ್ಲ, ತಾನಾಗಿ ಬಂದ ಕೆಮ್ಮನ್ನು ಕಾದು ಕೇಳಬೇಕು.

ಮೆದುಳಿನ ಹೊರಪದರದ ಒಳಮಡಿಕೆಯಾದ ಇನ್ಸುಲಾದ ಗಾಯಕ್ಕೂ ಸೋಂಕಿಗೂ ನಂಟಿದೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಎಡವೋ ಬಲವೋ ಎಂಬಲ್ಲಿ ಅವು ಒಮ್ಮತಕ್ಕೆ ಬಂದಿಲ್ಲ. ದೊಡ್ಡ ಸ್ಟ್ರೋಕ್ ಆದಾಗ ಒತ್ತಡಕ್ಕೆ ಸ್ಪಂದಿಸುವ ಸಿಂಪಥೆಟಿಕ್ ನರವ್ಯೂಹ ಕೆರಳಿ ರಕ್ತದಲ್ಲಿ ಸೋಂಕಿನೊಡನೆ ಹೋರಾಡುವ ಲಿಂಫೋಸೈಟ್ ಕಣಗಳ ಎಣಿಕೆ ಇಳಿಯುವುದಂತೂ ನಿಜ. ಆದರೆ ಇದರಿಂದ ಹಾಸಿಗೆಯ ಬಳಿ ನಾನು ಮಾಡುವ ಕೆಲಸ ಬದಲಾಗುವುದು ಅಷ್ಟಕ್ಕಷ್ಟೆ. ಮುಂಜಾಗ್ರತೆಗೆಂದು ಆಂಟಿಬಯಾಟಿಕ್ ಕೊಡುವ ಆಸೆ ಹಲವರಿಗಿದೆ. 2015ರಲ್ಲಿ ಪ್ರಕಟವಾದ ಪಾಸ್ ಮತ್ತು ಸ್ಟ್ರೋಕ್-ಇನ್ಫ್ ಎಂಬ ಎರಡು ದೊಡ್ಡ ಪ್ರಯೋಗಗಳಲ್ಲಿ ಅದರಿಂದ ರೋಗಿಗಳ ಸ್ಥಿತಿಯೇನೂ ಸುಧಾರಿಸಲಿಲ್ಲ. ನಾನು ಕೊಡುವುದಿಲ್ಲ.

ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾದ ಗಾಯವನ್ನು ಹಗಲಿನ ಪರೀಕ್ಷೆಯಿಂದ ಅಳೆಯುವುದು ಕಷ್ಟ. ಅಲ್ಲಿ ಡೋಪಮಿನ್ ಎಂಬ ನರರಾಸಾಯನಿಕ ಕುಗ್ಗಿದರೆ ಗಂಟಲಿನ ನರಗಳಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಸಂದೇಶ ಒಯ್ಯುವ ರಾಸಾಯನಿಕ ಕಡಿಮೆಯಾಗಿ ಕೆಮ್ಮು ಮತ್ತು ನುಂಗುವ ಪ್ರತಿವರ್ತನೆಗಳು ಮಂಕಾಗುತ್ತವೆ. ಹಗಲು ನೀರು ಕುಡಿದು ಪಾಸಾದವರ ಜೊಲ್ಲು ರಾತ್ರಿ ನಿದ್ದೆಯಲ್ಲಿ ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದನ್ನು ಪೂರ್ತಿ ತಡೆಯಲಾಗದು. ಇಳಿಯುವ ಜೊಲ್ಲಿನಲ್ಲಿ ಬ್ಯಾಕ್ಟೀರಿಯಾ ಕಡಿಮೆ ಮಾಡಬಹುದು. ಹಲ್ಲು, ವಸಡು, ನಾಲಿಗೆಯನ್ನು ಬ್ರಷ್‌ನಿಂದಲೇ ಉಜ್ಜಿಸುತ್ತೇನೆ, ಮಲಗುವ ಮುಂಚೆ ಖಂಡಿತ. ಮೂಗಿನ ನಳಿಕೆಯಲ್ಲಿ ಆಹಾರ ಹೋಗುವವರ ಬಾಯಿ ಇನ್ನೂ ಬೇಗ ಕೆಡುತ್ತದೆ.

ಕಿರುಮೆದುಳಿನ ಗಾಯದಲ್ಲಿ ಭಯ ಊತದ್ದು: ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಬಾತು ಮೆದುಳುಕಾಂಡವನ್ನು ಒತ್ತಿದರೆ ಎಚ್ಚರ ಇಳಿದು ವಾಂತಿ ನೆತ್ತಿಗೇರುತ್ತದೆ. ಎಚ್ಚರಕ್ಕೆ ನೆರವಾಗುವ, ಮೆದುಳಿನ ಒಳಭಾಗದ ಥಾಲಮಸ್‌ನವರು ತೂಕಡಿಸುತ್ತಾರೆ, ಪೂರ್ತಿ ಎಚ್ಚರವಿದ್ದ ಹೊತ್ತಿನಲ್ಲಷ್ಟೇ ಉಣಿಸಬೇಕು.

ನುಂಗುವಿಕೆಯ ಪರೀಕ್ಷೆಗೆ ನಾನು ಬಳಸುವುದು ಗಸ್ ಎಂಬ ಹಂತಹಂತದ ಕ್ರಮ. ಮಾತ್ರೆ ಕೂಡ ಇದಕ್ಕೆ ಮುಂಚೆ ಇಲ್ಲ. ನೇರ ಕೂರಿಸಿ, 15 ನಿಮಿಷ ಎಚ್ಚರವಿರಬಲ್ಲರೇ, ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬಲ್ಲರೇ, ಜೊಲ್ಲು ನುಂಗಬಲ್ಲರೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದರೆ ಮೊದಲು ಅರ್ಧ ಟೀ ಚಮಚ ಮೀರದಷ್ಟು ಅರೆಗಟ್ಟಿ ಆಹಾರ, ನಂತರ 3, 5, 10, 20 ಮಿ.ಲೀ. ನೀರು, ಆಮೇಲೆ 50 ಮಿ.ಲೀ., ಕೊನೆಗೆ ಗಟ್ಟಿ ತುತ್ತು. ಕೆಮ್ಮು, ಜೊಲ್ಲು ಸೋರುವುದು, ನೀರು ತುಂಬಿದಂಥ ಧ್ವನಿ, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸುವುದು. ಕೆಮ್ಮು ಮೂರು ನಿಮಿಷ ತಡವಾಗಿ ಬಂದರೂ ಲೆಕ್ಕಕ್ಕಿದೆ. ಗಂಟಲು ಕೆಣಕಿ ಓಕರಿಕೆ ಬರಿಸಿ ನೋಡುವುದರಿಂದ ಏನೂ ತಿಳಿಯದು, ಆರೋಗ್ಯವಂತರಲ್ಲೂ ಅದು ಇಲ್ಲದಿರಬಹುದು. ಬೆರಳಿನ ಆಕ್ಸಿಮೀಟರ್ ಕೂಡ ನೀರು ತಪ್ಪುದಾರಿ ಹಿಡಿದದ್ದನ್ನು ನಂಬಿಕೆಯಿಂದ ಹೇಳುವುದಿಲ್ಲ. ಮೆದುಳುಕಾಂಡ ಮತ್ತು ಬೇಸಲ್ ಗ್ಯಾಂಗ್ಲಿಯಾ ಗಾಯದವರು ಹಾಸಿಗೆಯ ಬಳಿ ಪಾಸಾದರೂ, ಧ್ವನಿಯಲ್ಲೋ ಉಸಿರಲ್ಲೋ ಅನುಮಾನ ಉಳಿದರೆ ಎಂಡೋಸ್ಕೋಪಿಗೆ ಕಳಿಸುತ್ತೇನೆ.

ಮೂಗಿನ ನಳಿಕೆ ಹಾಕಿದ ಮಾತ್ರಕ್ಕೆ ನ್ಯುಮೋನಿಯಾ ತಪ್ಪಿತು ಎಂದುಕೊಳ್ಳಬಾರದು, ಜೊಲ್ಲು ಇಳಿಯುತ್ತಲೇ ಇರುತ್ತದೆ. ನಳಿಕೆ ಹೊಟ್ಟೆಯಲ್ಲೇ ಇದೆ ಎಂದು ಖಚಿತಪಡಿಸಿಕೊಳ್ಳಲು ಹೀರಿದ ದ್ರವದ ಪಿಎಚ್ 5.5 ಅಥವಾ ಕಡಿಮೆ ಇರಬೇಕು, ಇಲ್ಲವೇ ಎಕ್ಸ್‌ರೇ ಬೇಕು. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ಕೇಳುವುದು ನಂಬುವಂಥದ್ದಲ್ಲ. ಆಹಾರ ಹೋಗುವಾಗ ತಲೆದೆಸೆ ಕನಿಷ್ಠ 30 ಡಿಗ್ರಿ ಎತ್ತರಿಸಿರುತ್ತೇನೆ.

ನಾಲ್ಕು ಗಂಟೆಗೊಮ್ಮೆ ಉಸಿರಾಟದ ಎಣಿಕೆ, ಜ್ವರ, ಆಕ್ಸಿಜನ್ ನೋಡಿಸುತ್ತೇನೆ. ಜ್ವರಕ್ಕಿಂತ ಮೊದಲೇ ಉಸಿರಿನ ವೇಗ ಏರುವುದು ಸಾಮಾನ್ಯ, ಪೂರ್ತಿ ನಿಮಿಷ ಎಣಿಸದೆ ಅಂದಾಜಿನಲ್ಲಿ ಬರೆದರೆ ಅದೇ ತಪ್ಪಿಹೋಗುತ್ತದೆ. ಮೊದಲ ದಿನದ ಎಕ್ಸ್‌ರೇ ಸ್ವಚ್ಛವಾಗಿರಬಹುದು. ಬಲ ಶ್ವಾಸನಾಳ ಹೆಚ್ಚು ನೇರವಾಗಿರುವುದರಿಂದ ಸ್ಟೆತಸ್ಕೋಪನ್ನು ಬಲ ಬೆನ್ನಿನ ಕೆಳಭಾಗದಲ್ಲಿ ತುಸು ಹೆಚ್ಚು ಹೊತ್ತು ಇಡುತ್ತೇನೆ. ಮೆಡುಲ್ಲಾ ಗಾಯದವರಲ್ಲಿ ಕೆಮ್ಮು ದುರ್ಬಲವಾಗಿ ಕಫ ಹೊರಬರದೇ ಇರಬಹುದಾದ್ದರಿಂದ ಕಫವಿಲ್ಲ ಎಂಬುದು ಸಮಾಧಾನದ ಸುದ್ದಿಯಲ್ಲ. ಅರ್ಧಗೋಳದ ಗಾಯದವರನ್ನು ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಪರೀಕ್ಷಿಸಿದರೆ ಎಷ್ಟೋ ಜನರ ನಳಿಕೆ ತೆಗೆಯಬಹುದು. ಮೆಡುಲ್ಲಾದವರಿಗೆ ತಿಂಗಳುಗಳೇ ಬೇಕಾಗಬಹುದು, ಹೊಟ್ಟೆಗೆ ನೇರ ಹಾಕುವ ಪೆಗ್ ನಳಿಕೆಯ ಮಾತನ್ನು ಮನೆಯವರ ಬಳಿ ಬೇಗನೇ ಎತ್ತುತ್ತೇನೆ.